ಮೊದಲ ಎಲ್ಕ್ ಹಿರಿಯರ ಬಾಯಿಗೆ

ಗುರುವಾರ, ಅಕ್ಟೋಬರ್ ಕೊನೆಯ ವಾರ

ಲೋರೀನ್, ನನ್ನ ಕೂಸೇ,

ಮೊದಲು, ನಮಗೆ ಕೊಟ್ಟ ಮಾತುಗಳನ್ನು ಬರೆಯುತ್ತೇನೆ. ಈ ಬೆಟ್ಟಗಳನ್ನು ಸರ್ಕಾರದವರು ನಮ್ಮಿಂದ ಬರೆಸಿಕೊಂಡಾಗ, ಯಾರೂ ಬೇಲಿ ಹಾಕದ ನೆಲದಲ್ಲಿ ನೀವು ಎಂದೆಂದೂ ಬೇಟೆಯಾಡಬಹುದು ಎಂದರು. ಹೊಳೆಯ ಮೀನು ನಿಮ್ಮದು ಎಂದರು. ಬೆಟ್ಟದ ದಾರಿ ಎಲ್ಲರದು ಎಂದರು. ಆಮೇಲೆ ಹೊಳೆಗೆ ಅಣೆಕಟ್ಟು ಬಂತು, ಮೀನು ಹೋಯಿತು. ದಾರಿಗೆ ದನದ ಸಾಹುಕಾರನ ಗೇಟು ಬಂತು. ಮೇಲಿನ ಹುಲ್ಲುಗಾವಲು ಇವತ್ತಿಗೂ ಸರ್ಕಾರಿ ಕಾಡು, ಅಲ್ಲಿ ಬೇಟೆಯ ಹಕ್ಕು ಇವತ್ತಿಗೂ ನಮ್ಮದು. ಅಲ್ಲಿಗೆ ಹೋಗಲಿಕ್ಕೆ ಮಾತ್ರ ಬಿಡುವುದಿಲ್ಲ. ಕೊಂಬನ್ನು ಗೋಡೆಗೆ ಹೊಡೆಯಲು ಪೇಟೆಯಿಂದ ಬರುವವರಿಗೆ ಅದೇ ಗೇಟು ತೆರೆಯುತ್ತದೆ.

ನಿನ್ನ ಅಣ್ಣ ಡಾರೆಲ್‌ನ ಸಂಗತಿ ನಿನಗೆ ಅರ್ಧ ಮಾತ್ರ ಗೊತ್ತು. ಆಗ ನೀನು ಪಟ್ಟಣದಲ್ಲಿ ಓದುತ್ತಿದ್ದೆ. ಅವನು ತನ್ನ ಮೊದಲ ಎಲ್ಕ್ ಹೊಡೆದು, ಕುದುರೆಯಷ್ಟೇ ದೊಡ್ಡ ಜಿಂಕೆ, ಅದರ ಮಾಂಸವನ್ನು ಕುದುರೆಯ ಮೇಲೆ ಹೇರಿಕೊಂಡು ಬೇಲಿ ಬಳಸಿ ಇಳಿದುಬಂದ. ಕಾಡಿನ ಗಾರ್ಡುಗಳು ಕೆಳಗೇ ಕಾದಿದ್ದರು. ಸಾಕ್ಷ್ಯ ಎಂದು ಮಾಂಸವನ್ನೆಲ್ಲ ಒಯ್ದರು. ಇತ್ತ ಊರವರೆಲ್ಲ ಸೇರುವ ಉದ್ದಮನೆಯಲ್ಲಿ ಹಿರಿಯರು ಚಾಪೆಯ ಮೇಲೆ ಕೂತು, ನೀರು ಕುಡಿದು ಕಾಯುತ್ತಿದ್ದರು. ಮೊದಲ ಬೇಟೆಯಲ್ಲಿ ಹೊಡೆದವನಿಗೂ ಅವನ ಮನೆಯವರಿಗೂ ಒಂದು ಚೂರೂ ಇಲ್ಲ. ಹಿರಿಯರು ಉಂಡ ಮೇಲೆಯೇ ಅವನು ಬೇಟೆಗಾರ. ಬೇಸಿಗೆಯಲ್ಲಿ ಕೋರ್ಟು ಡಾರೆಲ್‌ನದೇನೂ ತಪ್ಪಿಲ್ಲ ಎಂದಿತು. ಮಾಂಸ ವಾಪಸು ಕೊಟ್ಟರು. ಕಪ್ಪಗಾಗಿ ನಾರುತ್ತಿದ್ದ ಚೀಲಗಳು. ನಾಯಿಯೂ ಮೂಸಲಿಲ್ಲ.

ಇನ್ನೊಂದು ಹೊಡಿ ಎಂದು ನಾನು ಹೇಳಿದೆ. ಅವನು ಹೇಳಿದ್ದು ಇಷ್ಟೇ: "ಇನ್ನೊಂದು ಹೊಡೆದ್ರೆ ಅದು ಎರಡನೇದು ಕಣಮ್ಮ." ಹಬ್ಬದ ದಿನ ಬೇಟೆಗಾರರ ಸಾಲಿನಲ್ಲಿ ಕೂರಲಿಲ್ಲ, ಬಾಗಿಲ ಬಳಿ ನಿಂತು ಹೊರಟುಹೋದ. ಮೂರನೇ ಚಳಿಗಾಲ ಹೆದ್ದಾರಿ ಪಕ್ಕದ ಹಿಮದಲ್ಲಿ ಸಿಕ್ಕಿದ. ಕುಡಿತ ಎಂದು ಬರೆದುಕೊಂಡರು. ಯಾರು ಕುಡಿಸಿದರು ಎಂದು ಬರೆಯಲು ಅವರ ಕಾಗದದಲ್ಲಿ ಜಾಗವಿಲ್ಲ. ಅವನ ಸಾವಿನ ಊಟಕ್ಕೆ ಅಂಗಡಿಯ ದನದ ಮಾಂಸ ಬಡಿಸಿದೆವು. ನಮ್ಮ ಮನೆಯಲ್ಲಿ ಹೊಡೆದು ತರುವವರು ಯಾರೂ ಉಳಿದಿರಲಿಲ್ಲ.

ಹಾಗಾಗಿ ನೀನು ಫೋನಿನಲ್ಲಿ "ಅಮ್ಮ, ಈ ಸಲ ನಾನು ಹೋಗ್ತೀನಿ" ಎಂದಾಗ ನಾನು ಆಮೇಲೆ ಹೇಳುತ್ತೇನೆ ಎಂದು ಫೋನಿಟ್ಟೆ. ಬೇಡ ಎನ್ನಲಿಕ್ಕಲ್ಲ. ಎರಡನೇ ಕೂಸನ್ನೂ ಅದೇ ದಾರಿಗೆ ಕಳಿಸುವುದು ಹೇಗೆ ಎಂದು.

ಆಮೇಲೆ ಹಿರಿಯರೂ ನಾನೂ ಇನೆಜ್ ಅಜ್ಜಿಯ ಅಡುಗೆಮನೆಯಲ್ಲಿ ಕೂತು ಮಾತಾಡಿದೆವು. ಮೋಸೆಸ್ ಅಜ್ಜ ಗೊಣಗಿದ, "ಹೆಣ್ಣುಮಗಳನ್ನ ಕಳಿಸೋದಾ?" ಇನೆಜ್ ಅಜ್ಜಿ ತಿರುಗಿಯೂ ನೋಡಲಿಲ್ಲ. "ಗುಂಡು ಬಿದ್ಮೇಲೆ ಎಲ್ಕ್ ಬಂದು ಲಂಗ ಎತ್ತಿ ನೋಡುತ್ತೇನೋ ಮುದುಕ? ನೀನು ಕೊನೇ ಸಲ ಹೊಡ್ದಿದ್ದು ನಿನ್ನ ಟ್ರಕ್ಕಿನ ಟೈರು ತಾನೆ?" ಅಜ್ಜ ಕಾಫಿ ಕುಡಿಯುತ್ತಾ ಕೂತ. ಆಮೇಲೆ ಅವನೇ ಹೇಳಿದ: "ಮಾಂಸ ಕೆಳಗೆ ತಂದ್ರಲ್ವಾ ಅವ್ರು ಕಿತ್ಕೊಳ್ಳೋದು? ನಾವೇ ಮೇಲೆ ಹೋಗೋಣ. ಬಿದ್ದಲ್ಲೇ ತಿನ್ನೋಣ." ತೆಲ್ಮಾ ಅಜ್ಜಿ ತನ್ನ ಮಂಡಿ ತಟ್ಟಿಕೊಂಡಳು, "ಈ ಕಾಲಲ್ಲಿ ಗೇಟಿಂದ ಅಲ್ಲೀಗಂಟ ನಡೆಯೋಷ್ಟರಲ್ಲಿ ಹಿಮ ಬೀಳುತ್ತೆ. ಟ್ರಕ್ಕು ಹೋದ್ರೆ ಮಾತ್ರ ನಾನು." ಟ್ರಕ್ಕು ಹೋಗುತ್ತದೆ, ಗೇಟಿನ ಚಿಂತೆ ನನಗೆ ಬಿಡಿ ಎಂದೆ.

ಈಗ ನಿನ್ನ ಕೆಲಸ ಕೇಳು. ಶನಿವಾರ ಬೆಳಕು ಹರಿಯುವ ಮೊದಲೇ ವೆಂಡೆಲ್ ಮಾವ ನಿನ್ನನ್ನು ಕರೆದೊಯ್ಯುತ್ತಾನೆ. ಉಣ್ಣೆ ಬಟ್ಟೆಯನ್ನೇ ಹಾಕು. ಆ ಪೇಟೆಯ ಜಾಕೆಟ್ಟು ಪೊದೆಗೆ ತಗುಲಿದರೆ ಪರಪರ ಎನ್ನುತ್ತದೆ. ಮುಂಜಾವದ ತಣ್ಣನೆ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ಅದಕ್ಕೇ ಕೆಳಗಿನಿಂದ ಹತ್ತು. ನಿನ್ನ ವಾಸನೆ ಅವಕ್ಕೆ ಹೋಗಬಾರದು. ಬಿಸಿಲು ಬಿದ್ದರೆ ಗಾಳಿ ತಿರುಗುತ್ತದೆ, ಅಷ್ಟರೊಳಗೆ ಆಗಬೇಕು. ಕೊಂಬಿನ ಗಂಡಿನ ಮೇಲೆ ಕಣ್ಣು ಹಾಕಬೇಡ, ಹಲ್ಲಿಲ್ಲದವರು ತಿನ್ನಬೇಕು. ಬೆನ್ನ ಹಿಂದೆ ಕರುವಿಲ್ಲದ ಎಳೆಯ ಹೆಣ್ಣು ನೋಡು. ಅಡ್ಡ ನಿಂತಾಗ, ಮುಂಗಾಲಿನ ಹಿಂದೆ. ಕೈ ನಡುಗಿದರೆ ಬಂದೂಕು ಇಳಿಸು. ಗಾಯಗೊಂಡು ಓಡಿದ ಪ್ರಾಣಿಗಿಂತ ಹೊಡೆಯದೆ ಬಿಟ್ಟದ್ದು ಮೇಲು.

ಬಿದ್ದ ಮೇಲೆ ಅದರ ಉಸಿರು ನಿಲ್ಲುವ ತನಕ ಹತ್ತಿರ ನಿಲ್ಲು. ನಮ್ಮ ಭಾಷೆಯಲ್ಲಿ ಅದಕ್ಕೆ ಒಂದು ಋಣದ ಮಾತು ಹೇಳು. ಮರೆತಿದ್ದರೆ ಇಂಗ್ಲಿಷಿನಲ್ಲಾದರೂ ಹೇಳು, ಸುಳ್ಳು ಹೇಳಬೇಡ. ಆಮೇಲೆ ಬೇಗ ಹೊಟ್ಟೆ ಸೀಳಿ ಬರಿದು ಮಾಡಿ. ಆ ದಪ್ಪ ಚರ್ಮದೊಳಗೆ ಬಿಸಿ ಕೂತರೆ ಮಾಂಸ ಹುಳಿಯಾಗುತ್ತದೆ. ಮಾವ ಬೆಂಕಿ ಹಾಕುತ್ತಾನೆ, ಬಿಸಿಲೇರುವಷ್ಟರಲ್ಲಿ ಊರಿನ ಹಿರಿಯರೆಲ್ಲ ಟ್ರಕ್ಕು ಹತ್ತಿ ಬರುತ್ತಾರೆ. ಈಲಿ ಇನೆಜ್ ಅಜ್ಜಿಗೆ, ನಾಲಿಗೆ ಮೋಸೆಸ್ ಅಜ್ಜನಿಗೆ. ಉಳಿದದ್ದನ್ನು ಅವರವರ ಕೈಗೇ ಕೊಡು. ಟ್ರಕ್ಕಿಗೆ ಹಾಕಬೇಡ, ನಾಳೆಗೆ ಎತ್ತಿಡಬೇಡ. ಗಾರ್ಡುಗಳು ಬಂದರೆ ಬರಲಿ. ಮುದುಕಿಯರ ಬಾಯಿಂದ ಕಿತ್ತುಕೊಳ್ಳುವುದಾದರೆ ಬಾಯಿಗೇ ಕೈ ಹಾಕಲಿ, ಜಗತ್ತು ನೋಡಲಿ.

ಹೆದರಿಕೆ ಆಗುತ್ತದೆ. ನನಗೂ ಆಗಿದೆ. ಹೆದರಿಕೊಂಡೇ ಹೋಗು.

ನಿನ್ನ ಹಡೆದವಳು,
ಆರ್ಲೀಟ

ತಾ.ಕ.: ಇದನ್ನು ಅಂಚೆಗೆ ಹಾಕದೆ ಮಾವನ ಕೈಲಿ ಕೊಟ್ಟದ್ದೇಕೆ ಎಂದು ನೀನು ಕೇಳುತ್ತೀ. ಇಲ್ಲಿಂದ ಹೋಗುವ ಅಂಚೆಯನ್ನು ಅವರು ಒಡೆದು ಓದುತ್ತಾರೆ. ಮಂಗಳವಾರದಿಂದ ನಾನು ಕೌಂಟಿ ಜೈಲಿನಲ್ಲಿದ್ದೇನೆ. ಗೇಟನ್ನು ಕಂಬಸಮೇತ ಕೊಯ್ದು ಹಳ್ಳಕ್ಕೆ ಉರುಳಿಸಿದೆ, ಹಾಡುಹಗಲು, ನಾನೊಬ್ಬಳೇ. ಆ ದಾರಿಯ ಹತ್ತಿರ ಸುಳಿಯುವುದಿಲ್ಲ ಎಂದು ಸಹಿ ಹಾಕಿದರೆ ಬಿಡುತ್ತಾರಂತೆ. ಹಾಕಲಿಲ್ಲ. ದಾರಿ ಯಾರದು ಎಂದು ಸೋಮವಾರ ವಿಚಾರಿಸುವ ತನಕ ಹೊಸ ಗೇಟು ನಿಲ್ಲಿಸಕೂಡದು ಎಂದು ನ್ಯಾಯಾಧೀಶೆ ಹೇಳಿದ್ದಾಳೆ, ಅದಕ್ಕೇ ಈ ಶನಿವಾರ. ನನ್ನನ್ನು ನೋಡಲು ಮೊದಲು ಇಲ್ಲಿಗೆ ಓಡಿಬರಬೇಡ, ಮೊದಲು ಬೆಟ್ಟಕ್ಕೆ ಹೋಗು. ಉಂಡ ಹಿರಿಯರನ್ನೆಲ್ಲ ಕರೆದುಕೊಂಡು ಬಾ: ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ, ಕೌಂಟಿ ಕೋರ್ಟಿಗೆ.