ಅಮಲ್ ಎಂಬ ಹೆಸರಿನ ಮೊದಲ ಅಕ್ಷರ

ಕ್ರಿ.ಶ. 2191, ಹಿಜರಿ 1617, ಶಾಬಾನ್ ಹನ್ನೆರಡು
ದಡದ ಗುಡ್ಡ

ಮಿಸ್ರಿಯಾ ಅಜ್ಜಿಗೆ ಸಲಾಂ.

ಈ ತಾರೀಕು ಕೈತಪ್ಪಿ ಬರೆದದ್ದಲ್ಲ. ನಾನು ಮೈಮೂನಾ, ನಿಮ್ಮ ಮಗಳ ಮೊಮ್ಮಗಳ ಮೊಮ್ಮಗಳು. ಇದನ್ನು ಓದುವಾಗ ನೀವು ನನಗಿಂತ ಎಷ್ಟೋ ಚಿಕ್ಕವರಿರುತ್ತೀರಿ, ಆದರೂ ಅಜ್ಜಿ ಎನ್ನದೆ ಬರೆಯಲು ಕೈ ಬರುವುದಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ದಿನಚರಿ ಬಿಟ್ಟರೆ ಬೇರೇನೂ ಬರೆದವಳಲ್ಲ.

ನೀವಿದ್ದ ಬೀದಿ ಈಗ ನೀರಿನಡಿ ಇದೆ. ನಾವು ಗುಡ್ಡದ ಮೇಲಿದ್ದೇವೆ. ಕಡಲನ್ನು ತಡೆಯುವ ಗೋಡೆಗೆ ಮನೆಗೊಬ್ಬರು ತಿಂಗಳಿಗೆ ನಾಲ್ಕು ದಿನ ದುಡಿಯಬೇಕು. ಅದಕ್ಕೆ ಗೋಡೆಪಾಳಿ ಎನ್ನುತ್ತೇವೆ. ಉಪ್ಪುನೀರಿನಲ್ಲಿ ಬೆಳೆದ ಅಕ್ಕಿಯ ಗಂಜಿ, ಕಡಲಪಾಚಿಯ ಚಟ್ನಿ ಕಟ್ಟಿಕೊಂಡು ಹೋಗುತ್ತಾರೆ. ಸಂಜೆ ಎಲ್ಲರೂ ಮೇಲೆ ಹತ್ತಿದ ಮೇಲೆ ಸೈರನ್ ಒಮ್ಮೆ ಕೂಗುತ್ತದೆ. ಆಗ ಊರಿನ ಹೆಂಗಸರು ಒಲೆ ಹಚ್ಚುತ್ತಾರೆ. ನಾನು ಮಾತ್ರ ಈಗಲೂ ಬಾಗಿಲಿಗೆ ಹೋಗುತ್ತೇನೆ, ಒಳಗೆ ಬರುತ್ತೇನೆ, ಮತ್ತೆ ಹೋಗುತ್ತೇನೆ.

ಮೂರು ಮಕ್ಕಳು ಹೊಟ್ಟೆಯಲ್ಲೇ ಹೋದ ಮೇಲೆ ನನಗೊಬ್ಬಳು ಮಗಳು ಉಳಿದಳು. ನನ್ನ ಹೆತ್ತ ಉಮ್ಮ ಪೆಟ್ಟಿಗೆಯಿಂದ ಒಂದು ಹಾಳೆ ತೆಗೆದು, ಈ ಹೆಸರಿನವಳು ನಮ್ಮಲ್ಲಿ ತೊಂಬತ್ತು ವರ್ಷ ಬದುಕಿದ್ದಾಳೆ, ಇದನ್ನೇ ಇಡು ಎಂದರು. ಅದು ನಿಮ್ಮ ಮಗಳನ್ನು ಶಾಲೆಗೆ ಸೇರಿಸಲು ನೀವು ಕನ್ನಡದಲ್ಲಿ ಬರೆದ ಅರ್ಜಿ. ಮಗುವಿನ ಹೆಸರು: ಅಮಲ್. ನಾನು ಅರ್ಥ ಕೇಳಲಿಲ್ಲ. ಶಾಲೆಯಲ್ಲಿ ಹುಡುಗರು, "ಅಮಲು ಬಂತು, ದಾರಿ ಬಿಡಿ" ಎಂದು ತೂರಾಡಿ ತೋರಿಸುತ್ತಿದ್ದರಂತೆ. ಟೀಚರು ಮಾತ್ರ, ಅಮಲ ಎಂದರೆ ಕೊಳೆ ಇಲ್ಲದ್ದು ಎಂದು ಸಮಾಧಾನ ಮಾಡಿದರು. ನನಗೆ ಅಷ್ಟೇ ಸಾಕಾಗಿತ್ತು.

ಕಳೆದ ರಜಬ್ ತಿಂಗಳಲ್ಲಿ ಪಕ್ಕದ ಮನೆಯ ಬಸುರಿಯ ಬದಲು ಪಾಳಿಗೆ ಹೋದ ನನ್ನ ಅಮಲ್ ಹಿಂದಿರುಗಲಿಲ್ಲ. ಇಪ್ಪತ್ತಾರು ವರ್ಷ. ಗೋರಿಯ ಕಲ್ಲು ಕೆತ್ತುವ ಇದಿನಬ್ಬ ಬಂದು ಹೆಸರು ಬರೆದುಕೊಡಿ ಎಂದ. ಕನ್ನಡದಲ್ಲಿ ಬರೆದುಕೊಟ್ಟೆ. ನಮ್ಮಲ್ಲಿ ಕಲ್ಲಿನ ಮೇಲೆ ಅರಬಿಯಲ್ಲೇ ಕೆತ್ತುವುದು. ಅವನು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದ್ರ ಮೊದಲ ಅಕ್ಷರ ಅಲಿಫಾ, ಐನಾ, ಮೈಮುನಕ್ಕ? ಅಲಿಫ್ ಆದ್ರೆ ಆಸೆ, ನಿರೀಕ್ಷೆ ಅಂತ. ಐನ್ ಆದ್ರೆ ಕೆಲಸ, ಮಾಡಿದ ಕರ್ಮ. ನೀವೇ ಹೇಳ್ಬೇಕು. ಕಲ್ಲಿಗೆ ಉಳಿ ಇಟ್ಟ ಮೇಲೆ ಅಳಿಸ್ಲಿಕ್ಕೆ ಉಂಟಾ?"

ಎರಡಕ್ಕೂ ಕನ್ನಡದಲ್ಲಿ ಒಂದೇ ಅ. ಐನ್ ಅಕ್ಷರವನ್ನು ಕೊರಳಿನ ಆಳದಿಂದ ಹೇಳಬೇಕು. ಕುರ್‌ಆನ್ ಓದುವಾಗ ನಮಗೂ ಬರುತ್ತದೆ. ಮಗಳನ್ನು ಊಟಕ್ಕೆ ಕರೆಯುವಾಗ ಯಾರು ಹಾಗೆ ಕರೆಯುತ್ತಾರೆ? ಮಸೀದಿಯ ಉಸ್ತಾದರನ್ನು ಕೇಳಿದೆ. ಎರಡೂ ಒಳ್ಳೆಯ ಹೆಸರೇ, ತಾಯಿಗೆ ಗೊತ್ತಿಲ್ಲದ್ದು ನನಗೆ ಹೇಗೆ ಗೊತ್ತು ಎಂದರು. ಕಾದು ಕಾದು ಹೆತ್ತದ್ದನ್ನು ನೆನೆದರೆ ಅಲಿಫ್ ಎನಿಸುತ್ತದೆ. ಬೇರೆಯವರ ಪಾಳಿ ಹೊತ್ತು ಹೋದದ್ದನ್ನು ನೆನೆದರೆ ಐನ್. ಇಪ್ಪತ್ತಾರು ವರ್ಷ ನಾನು ಅವಳನ್ನು ಏನೆಂದು ಕರೆದೆ, ಅಜ್ಜಿ?

ನಾಳೆ ನಲವತ್ತನೆಯ ದಿನ, ಕಲ್ಲು ನೆಡಲೇಬೇಕು. ಉಳಿದ ಅಕ್ಷರ ಮೀಮ್, ಲಾಮ್ ಎರಡನ್ನೂ ಕೆತ್ತು, ಮೊದಲ ಅಕ್ಷರಕ್ಕೆ ಬಲಗಡೆ ನಾಲ್ಕು ಬೆರಳಿನಷ್ಟು ಜಾಗ ಬಿಡು ಎಂದೆ. ಹೆಸರೇ ಅರ್ಧ ಆಗ್ತದಲ್ಲ ಎಂದು ಅವನು ಬೇಸರಪಟ್ಟ. ಆದರೂ ಕೆತ್ತಿದ.

ಅರ್ಜಿ ಬರೆಯುವ ದಿನ ನಿಮ್ಮ ಕೈಯಲ್ಲಿ ಪೆನ್ನು ಇರುತ್ತದೆ. ಮಗು ಹುಟ್ಟಿದಾಗ ಅದರ ಕಿವಿಯಲ್ಲಿ ಯಾವ ಹೆಸರು ಹೇಳಿದಿರೋ ಅದರ ಅರ್ಥವನ್ನು ಪಕ್ಕದಲ್ಲಿ ಒಂದೇ ಮಾತಿನಲ್ಲಿ ಬರೆಯಿರಿ. ನನ್ನ ಈ ಕಾಗದ ನಿಮ್ಮನ್ನು ತಲುಪಿದರೆ ಆ ಮಾತು ನನ್ನ ಹತ್ತಿರ ಇರುವ ಹಾಳೆಯಲ್ಲಿ ಕಾಣಬೇಕು. ದಿನಕ್ಕೆ ನಾಲ್ಕೈದು ಸಲ ತೆಗೆದು ನೋಡುತ್ತೇನೆ. ಇದನ್ನು ಬರೆಯಲು ಕೂರುವ ಮೊದಲೂ ನೋಡಿದೆ.

ಮೈಮೂನಾ