ಒಂದು ಚೀಟಿಗೆ ಒಂದೇ ಮಚ್ಚೆ

ಚರ್ಮರೋಗ ವಿಭಾಗದ ಕಪಾಟಿನ ಬೀಗದ ಕೈಯನ್ನು ಕಣ್ಣಿನ ರೆಪ್ಪೆಯಂತೆ ಕಾಯುತ್ತಿರುವ ಆಸ್ಪತ್ರೆಯ ಆಡಳಿತಾಧಿಕಾರಿಗಳೇ,

ಮಾನ್ಯರೇ, ಮಚ್ಚೆಯ ಒಳರಚನೆಯನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪ್ ಎಂಬ ಅಂಗೈಯಗಲದ ಉಪಕರಣವನ್ನು ತಾವು ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದೀರಿ. ಅದು ಹೊರಬರಬೇಕಾದರೆ ರೋಗಿ ಚೀಟಿ ಬರೆದುಕೊಟ್ಟು ಆರು ವಾರ ಕಾಯಬೇಕು. ಒಂದು ಚೀಟಿಗೆ ಒಂದೇ ಮಚ್ಚೆ. ಯಾವ ಮಚ್ಚೆ ಎಂಬುದನ್ನೂ ರೋಗಿಯೇ ನಮೂದಿಸಬೇಕು. ಈ ಘನವಾದ ನಿಯಮ ನನ್ನ ಪ್ರಾಣಕ್ಕೇ ಸಂಚಕಾರ ತಂದಿತ್ತು ಎಂಬುದೇ ನನ್ನ ದೂರು.

ನಾನು ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ನೇಯ್ಗೆಯ ದೋಷ ಹುಡುಕಿದವನು. ಭೂತಗನ್ನಡಿ ಹಿಡಿಯದೆ ಒಂದು ಗಜವನ್ನೂ ಪಾಸು ಮಾಡಿದವನಲ್ಲ. ಅಂಗಿಯ ಬಟ್ಟೆಗೆ ಸಿಗುವ ಮರ್ಯಾದೆ ಅಂಗಿಯೊಳಗಿನ ಚರ್ಮಕ್ಕೆ ಬೇಡವೇ? ಆದರೂ ನನ್ನ ಮೈ ವಿಷಯದಲ್ಲಿ ನಾನೂ ಮೋಸಹೋದೆ. ನನ್ನ ಭುಜದ ಮೇಲೆ ಕರಿಮೇಣ ಮೆತ್ತಿದಂಥ ಒರಟು ಗಂಟೊಂದಿದೆ, ನೋಡಿದವರು ಹೌಹಾರಬೇಕು. ಕಾಲಿನ ಮೀನಖಂಡದ ಮೇಲಿದ್ದದ್ದು ಚಪ್ಪಟೆಯಾದ ಸಣ್ಣ ಕಪ್ಪು ಚುಕ್ಕೆ, ಬಲು ಸಂಭಾವಿತ. ಅದರ ಒಂದು ಅಂಚು ಹರಡುತ್ತಿದೆಯೆಂದು ನನ್ನ ಹೆಂಡತಿ ನಾಲ್ಕು ತಿಂಗಳಿಂದ ತಲೆ ತಿನ್ನುತ್ತಿದ್ದಳು. ನಾನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ‘ಭುಜ’ ಎಂದು ಬರೆದೆ.

ಆರು ವಾರದ ನಂತರ ಉಪಕರಣ ಬಂತು. ಅದರ ಹಿಂದೆ ತಮ್ಮ ಗುಮಾಸ್ತರೂ ಬಂದು, ಮಗಳನ್ನು ಮೊದಲ ಸಲ ಶಾಲೆಗೆ ಬಿಟ್ಟ ತಂದೆಯಂತೆ ಬಾಗಿಲಲ್ಲೇ ನಿಂತರು. ಡಾಕ್ಟರಮ್ಮ ಭುಜದ ಮೇಲೆ ಅದನ್ನೊತ್ತಿ, ಒಳಗಿನ ಬಿಳಿ ಕಾಳುಗಳನ್ನೂ ಕಟ್ಟಿಕೊಂಡ ಕಪ್ಪು ರಂಧ್ರಗಳನ್ನೂ ನೋಡಿ, ಇದು ವಯಸ್ಸಿಗೆ ಬರುವ ನಿರಪಾಯದ ಗಂಟು ಎಂದರು. ನಾನು ಹಿಗ್ಗಿ ಅಂಗಿ ತೊಟ್ಟೆ. ಹೆಂಡತಿ ಕಾಲನ್ನೂ ನೋಡಿ ಎಂದಳು. ಡಾಕ್ಟರಮ್ಮ ಒಪ್ಪಿದರು, ಗುಮಾಸ್ತರು ಒಪ್ಪಲಿಲ್ಲ. ಕಾಲಿಗೆ ಬೇರೆ ಚೀಟಿ, ಮತ್ತೆ ಆರು ವಾರ.

ಆಗ ನನ್ನ ಹೆಂಡತಿ ಉಪಕರಣದ ಖಾಲಿ ಪೆಟ್ಟಿಗೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತುಬಿಟ್ಟಳು. ಪೆಟ್ಟಿಗೆಯಿಲ್ಲದೆ ಉಪಕರಣವನ್ನು ವಾಪಸು ಪಡೆಯುವಂತಿಲ್ಲ ಎಂಬುದೂ ತಮ್ಮದೇ ನಿಯಮವಂತೆ. ಗುಮಾಸ್ತರು ಜಪ್ಪಯ್ಯ ಎಂದರೂ ಅವಳು ಏಳಲಿಲ್ಲ.

“ಕಾಲು ನೋಡ್ಲಿ ಅಣ್ಣ, ಆಮೇಲೆ ಪೆಟ್ಟಿಗೆ ಕೊಡ್ತೀನಿ,” ಎಂದಳು.

ಡಾಕ್ಟರಮ್ಮ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಫೋನಿನಲ್ಲಿ ಚಿತ್ರ ತೆಗೆದು ನನಗೂ ತೋರಿಸಿದರು. ಬಲೆಯಂಥ ಗೆರೆಗಳು ಒಂದೆಡೆ ತೆಳ್ಳಗೆ, ಇನ್ನೊಂದೆಡೆ ದಪ್ಪಗೆ ಹೆಣೆದುಕೊಂಡು ಅಂಚಿನಲ್ಲಿ ಹರಿದಿದ್ದವು. ನಡುವೆ ನೀಲಿ ಬೂದು ಮಬ್ಬು. ಅಂಥ ನೇಯ್ಗೆಯನ್ನು ಗಿರಣಿಯಲ್ಲಿ ನಾನು ಎರಡನೇ ಸಲ ನೋಡದೆ ತಿರಸ್ಕರಿಸುತ್ತಿದ್ದೆ.

ಚುಕ್ಕೆಯನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಮೆಲನೋಮಾ, ಚರ್ಮದ ಕ್ಯಾನ್ಸರ್. ಇನ್ನೂ ಆಳಕ್ಕೆ ಇಳಿದಿಲ್ಲ, ಸಕಾಲಕ್ಕೆ ಬಂದಿರಿ ಎಂದರು ಡಾಕ್ಟರಮ್ಮ. ಸಕಾಲಕ್ಕೆ ಬಂದದ್ದು ನಾನಲ್ಲ, ನನ್ನ ಹೆಂಡತಿಯ ಹಟ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಆ ಉಪಕರಣ ಇಂದೇ ಡಾಕ್ಟರಮ್ಮನ ಮೇಜಿನ ಮೇಲಿರಲಿ, ರೋಗಿಯ ಮೈಯನ್ನು ಇಡಿಯಾಗಿ ನೋಡಲಿ. ನನ್ನ ಮೈಮೇಲೆ ಇನ್ನೂ ಮೂವತ್ತೊಂದು ಮಚ್ಚೆಗಳಿವೆ. ತಮ್ಮ ನಿಯಮದಂತೆ ಅವನ್ನೆಲ್ಲ ನೋಡಿ ಮುಗಿಸಲು ಮೂರೂವರೆ ವರ್ಷ ಬೇಕು. ಕೊಲ್ಲುವ ಮಚ್ಚೆ ಯಾವುದೆಂದು ಮೊದಲ ಚೀಟಿಯಲ್ಲೇ ಬರೆಯುವಷ್ಟು ನನಗೆ ತಿಳಿದಿದ್ದರೆ, ನಾನು ತಮ್ಮ ಆಸ್ಪತ್ರೆಗೆ ಬರುತ್ತಿದ್ದೆನೇ?

ಇಂತಿ,
ಹೆಂಡತಿಯ ಮಾತು ಕೇಳದೆಯೂ ಬದುಕುಳಿದ
ನಿವೃತ್ತ ಬಟ್ಟೆ ಪರೀಕ್ಷಕ