ಎಡಗೈ ಹೊಲಿಗೆ

ಸೋರ್‌ವುಡ್ ಕ್ರೀಕ್, ವೆಸ್ಟ್ ವರ್ಜೀನಿಯಾ
ಏಪ್ರಿಲ್ 19, ಗುರುವಾರ

ಅಮ್ಮಾ,

ಶುರುವಿಗೆ ‘ಪ್ರೀತಿಯ’ ಅಂತ ಸೇರಿಸೋಣ ಅಂತ ನೋಡಿದೆ, ಕೈ ಏಳಲಿಲ್ಲ. ಬರೀ ಅಮ್ಮ ಅಂತಲೇ ಇರಲಿ. ನಿನ್ನ ವಿಳಾಸ ಕೊಟ್ಟಿದ್ದು ಕೌದಿ ಸಂಘದ ಓಪಲಜ್ಜಿ. ಅವಳ ಮೇಲೆ ನೀನು ಸಿಟ್ಟು ಮಾಡಿಕೊಳ್ಳುವುದು ಬೇಡ, ಅವಳಿಗೆ ಬೀಳಬೇಕಾದಷ್ಟು ಬೈಗುಳ ನನ್ನಿಂದಲೇ ಬಿದ್ದಾಗಿದೆ.

ಅಕ್ಕನ ಕೌದಿಗೆ ಎಲೆಗಳ ಸಾಲು ಹೊಲಿದವಳು ನೀನು. ನನಗೆ ಗೊತ್ತಾಯಿತು. ಅದನ್ನು ಹೇಳುವುದಕ್ಕೇ ಈ ಕಾಗದ. ಬೇರೇನೂ ಕೇಳಬಾರದು ಅಂತಲೇ ಕೂತಿದ್ದೇನೆ.

ನೀನು ಹೋದಮೇಲೆ ಇಲ್ಲಿ ಏನೇನಾಯಿತು ಅಂತ ನಿನಗೆ ಯಾರು ಹೇಳಿದ್ದಾರೋ ಇಲ್ಲವೋ. ಅಪ್ಪ ಸತ್ತ ಮರುವರ್ಷ ನೀನು ಹೋದೆ, ಅದೇ ವರ್ಷ ನಾನು ಶಾಲೆ ಬಿಟ್ಟೆ. ಈಗ ಪಿಜ್ಜಾ ಅಂಗಡಿಯಲ್ಲಿ ಹಿಟ್ಟು ತಟ್ಟುತ್ತೇನೆ. ಕ್ರಿಸ್ಟಾ ಅಕ್ಕ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುತ್ತಿದ್ದಳು. ಅವಳಿಗೆ ಬ್ರೇಡನ್ ಹುಟ್ಟಿದ. ಅವನ ಅಪ್ಪ ಅನ್ನಿಸಿಕೊಂಡವನು ಆಸ್ಪತ್ರೆಗೆ ಬಂದು, ಮಗುವನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡು ಹೋದವನು ಮತ್ತೆ ಈ ಕಡೆ ಮುಖ ಹಾಕಿಲ್ಲ. ಹೋಗುವವರ ಸಾಲಿನಲ್ಲಿ ಅವನೊಬ್ಬ.

ನನ್ನನ್ನು ಕೌದಿ ಸಂಘಕ್ಕೆ ಎಳೆದುಕೊಂಡು ಹೋದವಳು ಅಕ್ಕ. ಚರ್ಚಿನ ನೆಲಮಾಳಿಗೆ ನಿನಗೆ ಗೊತ್ತಲ್ಲ, ಅದೇ ಬೂಸಲು ವಾಸನೆ, ಅದೇ ಬೀನ್ಸ್ ಸಾರು, ಅದೇ ಜೋಳದ ರೊಟ್ಟಿ. ಪ್ರತಿ ವರ್ಷ ಡ್ರೆಮಾ ಆಂಟಿ ಒಂದು ನಕ್ಷತ್ರದ ನಮೂನೆ ಆರಿಸುವುದು, ಎಲ್ಲರೂ ಅದೇ ಅಳತೆಗೆ ಅದೇ ಮಣ್ಣು ಬಣ್ಣದ ಚೌಕ ಹೊಲಿಯುವುದು, ಚೀಟಿ ಎತ್ತುವುದು, ಗೆದ್ದವಳು ಅಷ್ಟೂ ಚೌಕ ಒಯ್ದು ಮಂಚದ ಕೆಳಗೆ ತಳ್ಳುವುದು. ಅರ್ಧ ಜನ ಕೂತಲ್ಲೇ ತೂಕಡಿಸುತ್ತಿದ್ದರು. ನನ್ನ ಬಾಯಿ ನಿನಗೆ ಗೊತ್ತು. ಇದು ಕೌದಿ ಸಂಘವೋ ಹೆಣ ಕಾಯುವ ಕೂಟವೋ ಅಂತ ಕೇಳಿಯೇಬಿಟ್ಟೆ. ಮೇಜಿನ ಕೆಳಗೆ ಅಕ್ಕ ಒದ್ದಳು. ಡ್ರೆಮಾ ಆಂಟಿ ಕನ್ನಡಕ ತೆಗೆದು ನನ್ನ ಕಡೆ ನೋಡಿದಳು.

“ಹಂಗಾದ್ರೆ ಮುಂದಿನ ವರ್ಷದ್ದು ನೀನೇ ನಡೆಸಮ್ಮ. ಬಾಯಂತೂ ಐತೆ, ತಲೆನೂ ಐತಾ ನೋಡಾಣ.”

ಅಡುಗೆಮನೆ ಮೇಜಿನ ಮೇಲೆ ಕೂತು ನಾನೂ ಅಕ್ಕನೂ ಇಡೀ ಬೇಸಿಗೆ ಯೋಚನೆ ಮಾಡಿದೆವು. ಕೊನೆಗೆ ಹೀಗೆ ಮಾಡಿದೆವು. ಪ್ರತಿಯೊಬ್ಬಳೂ ಒಂದು ನಡುಚೌಕ ಹೊಲಿದು ಪಿಜ್ಜಾ ಡಬ್ಬಿಯಲ್ಲಿ ಇಡಬೇಕು. ಡಬ್ಬಿ ನಮ್ಮ ಅಂಗಡಿಯದು, ಎಣ್ಣೆ ಸೋಕದ್ದು. ತಿಂಗಳಿಗೊಮ್ಮೆ ಡಬ್ಬಿ ಕೈ ಬದಲಾಗಬೇಕು, ಸಿಕ್ಕಿದವಳು ಸುತ್ತ ಒಂದು ಅಂಚು ಸೇರಿಸಬೇಕು. ಮೇ ತಿಂಗಳ ಪ್ರದರ್ಶನದ ತನಕ ತನ್ನ ಕೌದಿ ಏನಾಗಿದೆ ಅಂತ ಒಡತಿ ನೋಡುವಂತಿಲ್ಲ. ವರ್ನೀ ಆಂಟಿ ಮೂಗು ಮುರಿದಳು, ಒಬ್ಬೊಬ್ಬರದು ಒಂದೊಂದು ಬಣ್ಣ, ಹೊಂದದಿದ್ದರೆ ಏನು ಗತಿ ಅಂತ. ನಿಮ್ಮ ಯಜಮಾನರು ನಿಮಗೆ ಹೊಂದಿದ್ದಾರಾ ಅಂತ ನಾನು ಕೇಳಿದೆ. ಆ ನೆಲಮಾಳಿಗೆಯಲ್ಲಿ ಅಷ್ಟು ನಗು ಯಾವತ್ತೂ ಕೇಳಿರಲಿಲ್ಲ. ವರ್ನೀ ಆಂಟಿಯೇ ಎಲ್ಲರಿಗಿಂತ ಜಾಸ್ತಿ ನಕ್ಕಳು.

ಇನ್ನೊಂದು ನಿಯಮ ಅಕ್ಕ ಹಾಕಿದ್ದು. ಹೊಲಿಯುವವಳು ತನ್ನ ಅಂಚಿನಲ್ಲಿ, ಬಿಸಾಡಲು ಮನಸ್ಸೇ ಬಾರದ ಒಂದು ಬಟ್ಟೆ ಸೇರಿಸಬೇಕು. ಅಂಗಡಿಯಿಂದ ತಂದದ್ದಲ್ಲ, ಮನೆಯದು. ಆ ಒಂದು ಮಾತಿಗೆ ಸಂಘದ ಜೀವವೇ ಬದಲಾಯಿತು. ಡ್ರೆಮಾ ಆಂಟಿ ತೀರಿಹೋದ ಗಂಡನ ಪೈಜಾಮ ಕತ್ತರಿಸಿ ತಂದಳು, ತಂದು ಅದನ್ನು ತಾನೇ ಹಿಡಿದುಕೊಂಡು ಕೂತಳು. ತೂಕಡಿಸುತ್ತಿದ್ದವರೆಲ್ಲ ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕಾಯತೊಡಗಿದರು.

ಅಕ್ಕನ ನಡುಚೌಕ ಒಂದು ಮನೆ. ಕೆಂಪು ಬಾಗಿಲು, ಒಂದು ಕಿಟಕಿ. ಕೌದಿ ಬ್ರೇಡನ್‌ಗೆ. ಕಿಟಕಿ ಬೋಳಾಗಿದೆಯಲ್ಲ, ಒಂದು ಪರದೆ ಹಾಕೇ ಅಂದೆ. ನಮ್ಮ ಮನೆ ಕಿಟಕಿಗೆ ಪರದೆ ಎಲ್ಲಿದೆ ಅಂದಳು.

ಅದು ನಿನಗೆ ತಾಗಬೇಕು ಅಂತಲೇ ಬರೆದೆ. ಅಡುಗೆಮನೆಯ ಕೋಳಿ ಪರದೆ. ಹಳದಿ ಬಟ್ಟೆ, ಕೆಂಪು ಜುಟ್ಟಿನ ಹುಂಜಗಳು. ಹೋಗುವ ದಿನ ನೀನು ಅದನ್ನು ಬಿಚ್ಚಿಕೊಂಡು ಹೋದೆ. ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಒಂದು ಪರದೆ ಕಟ್ಟಿಕೊಂಡು ಹೋದಳು ನಮ್ಮಮ್ಮ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಪಿಜ್ಜಾ ತಗೊಳ್ಳಲು ಬಂದವರಿಗೂ ಹೇಳಿದ್ದೇನೆ.

ಜನವರಿಯಲ್ಲಿ ಅಕ್ಕ ಕೆಲಸ ಮುಗಿಸಿ ಬರುವಾಗ ಸೇತುವೆಯ ಮೇಲೆ ಮಂಜು ಗಾಜಿನ ಹಾಗೆ ಗಟ್ಟಿಯಾಗಿತ್ತು. ಆಮೇಲಿನದು ನಿನಗೆ ಗೊತ್ತು, ಅವಳ ಮಣ್ಣಿಗೆ ಬಂದಿದ್ದೆಯಲ್ಲ. ನಾನು ಏನು ಅಂದೆ ಅಂತ ನಿನಗೆ ನೆನಪಿರಬಹುದು. ನನಗಂತೂ ಇದೆ. ಇಲ್ಲಿ ನಿನ್ನದು ಅಂತ ಏನೂ ಇಲ್ಲ, ಅವಳ ಒಂದು ನೂಲನ್ನೂ ಮುಟ್ಟಬೇಡ ಅಂದೆ, ಎಲ್ಲರ ಎದುರು, ಬಾಗಿಲು ಹಾಕುತ್ತ. ಕಿಟಕಿಯಿಂದ ನೋಡಿದೆ. ನೀನು ತುಂಬಾ ಹೊತ್ತು ಹಿಮದಲ್ಲಿ ನಿಂತಿದ್ದೆ, ಕೈ ಜೇಬಿನಿಂದ ತೆಗೆಯಲಿಲ್ಲ. ಪರದೆ ಇದ್ದಿದ್ದರೆ ನಾನು ಎಳೆದುಬಿಡುತ್ತಿದ್ದೆ.

ಫೆಬ್ರವರಿಯಲ್ಲಿ ಡ್ರೆಮಾ ಆಂಟಿ ಅಕ್ಕನ ಡಬ್ಬಿಯನ್ನು ಸುತ್ತಿನಿಂದ ತೆಗೆಯೋಣ ಅಂದಳು. ಸತ್ತವರ ಕೆಲಸವನ್ನು ಮಡಚಿ ಮನೆಯವರ ಕೈಗೆ ಕೊಡುವುದು ಇಲ್ಲಿನ ರೂಢಿ. ನಾನು ಒಪ್ಪಲಿಲ್ಲ. ಇದು ನಾನು ಹಾಕಿದ ಸುತ್ತು, ಡಬ್ಬಿ ನಿಲ್ಲುವುದಿಲ್ಲ ಅಂದೆ. ಆ ತಿಂಗಳ ಸರದಿ ಓಪಲಜ್ಜಿಯದು.

ಮಾರ್ಚ್ ಸಭೆಯಲ್ಲಿ ಅವಳು ಮುಚ್ಚಳ ತೆಗೆದಾಗ ಒಳಗೆ ಹೊಸ ಅಂಚಿತ್ತು. ಮನೆಯ ನಾಲ್ಕೂ ಬದಿಗೆ ಎಲೆಗಳು, ಮಾಸಲು ಹಳದಿ, ಗಾಳಿಗೆ ಹಾರಿ ಬಂದು ಗೋಡೆಗೆ ತಾಗಿ ನಿಂತ ಹಾಗೆ. ಡ್ರೆಮಾ ಆಂಟಿ ಬಗ್ಗಿ ನೋಡಿದವಳು ಹಾಗೇ ನಿಂತುಬಿಟ್ಟಳು. ಹೊಲಿಗೆ ಉಲ್ಟಾ ವಾಲಿತ್ತು. ಬಲಗೈಯವರ ಹೊಲಿಗೆ ಒಂದು ಕಡೆ ವಾಲಿದರೆ ಎಡಗೈಯವರದು ಇನ್ನೊಂದು ಕಡೆ. ಸಂಘದಲ್ಲಿ ಎಡಗೈಯವಳು ಅಂದರೆ ಅಕ್ಕ ಒಬ್ಬಳೇ.

ಓಪಲಜ್ಜಿ ಎರಡೂ ಕೈ ಮೇಲೆತ್ತಿ ತೋರಿಸಿದಳು. ಕೈ ಗಡಗಡ ಅನ್ನುತ್ತಿತ್ತು. “ನಾನ್ ಸೂಜಿ ಮುಟ್ಟಿಲ್ಲ. ಈ ಕೈಯಾಗೆ ಕಾಫಿ ಲೋಟನೇ ನಿಲ್ಲಲ್ಲ, ಇನ್ನು ಎಲೆ ಹೊಲೀತೀನಾ?”

ವರ್ನೀ ಆಂಟಿ ಪ್ರಾರ್ಥನೆ ಶುರುಮಾಡಿದಳು. ಹೊಲಿಗೆ ಕಂಡರೆ ಮೊದಲು ಬಟ್ಟೆಯ ಹಿಂಬದಿ ತಿರುಗಿಸಿ ನೋಡುವುದು ನಮ್ಮ ಹೆಂಗಸರ ಚಟ, ಮುಖ ಆಮೇಲೆ. ಅವತ್ತು ಒಬ್ಬರೂ ಮುಟ್ಟಲಿಲ್ಲ, ತಿರುಗಿಸಲಿಲ್ಲ. ಡಬ್ಬಿಯನ್ನು ಮನೆಗೆ ಒಯ್ಯಲು ಸರದಿಯವಳು ತಯಾರಿರಲಿಲ್ಲ. ನಾನೇ ತಂದೆ.

ನನಗೆ ನೀನು ನೆನಪಾಗಲಿಲ್ಲವೇ ಅಂತ ಕೇಳಬಹುದು. ಆಗಲಿಲ್ಲ. ಆಗಬಾರದು ಅಂತಲೇ ಇದ್ದೆ. ನಾನೂ ಹಿಂಬದಿ ತಿರುಗಿಸಿ ನೋಡಲಿಲ್ಲ. ಈಗ ಅನ್ನಿಸುತ್ತದೆ, ಬೇಕಂತಲೇ.

ಡಬ್ಬಿಯನ್ನು ಅಕ್ಕನ ಮಂಚದ ಮೇಲೆ ಇಟ್ಟೆ. ಮುಚ್ಚಳದ ಮೇಲೆ ಸೂಜಿ, ಪೋಣಿಸಿದ ದಾರ, ಅವಳ ಎಡಗೈಗೆ ಸಿಗುವ ಕಡೆ. ಪ್ರತಿ ಬೆಳಿಗ್ಗೆ ದಾರ ಎಷ್ಟು ಉದ್ದ ಉಳಿದಿದೆ ಅಂತ ನೋಡುತ್ತಿದ್ದೆ. ಅಮ್ಮ ಹೊಲೀತಿದಾಳಾ ಅಂತ ಬ್ರೇಡನ್ ಕೇಳುತ್ತಿದ್ದ. ಹೂಂ ಅನ್ನುತ್ತಿದ್ದೆ. ಅವನು ಅವಳ ಕೆಲಸದ ಕೋಟು ಹೊದ್ದು ಮಲಗುತ್ತಾನೆ, ಇನ್ನೂ ಕೌದಿ ಇಲ್ಲವಲ್ಲ. ಒಂದು ದಿನ ಕತ್ತರಿ ಜಾಗ ಬದಲಾಗಿತ್ತು. ನಾನು ಅಂಗಡಿಗೆ ಹೋಗದೆ ಆ ಮಂಚದ ಪಕ್ಕ ನೆಲದ ಮೇಲೆ ಕೂತೆ. ಆಮೇಲೆ ಗೊತ್ತಾಯಿತು, ಬ್ರೇಡನ್ ಆಟಕ್ಕೆ ತಗೊಂಡಿದ್ದ. ಅವಳು ಬರುತ್ತಾಳೆ ಅಂತ ನನಗೆ ಒಂದು ಚೂರೂ ಹೆದರಿಕೆ ಇರಲಿಲ್ಲ ಅಮ್ಮ. ಬಾರದಿದ್ದರೆ ಅನ್ನುವುದೇ ಹೆದರಿಕೆ.

ಹೋದ ಭಾನುವಾರ ಬ್ರೇಡನ್ ಅದರ ಮೇಲೆ ಹಾಲು ಚೆಲ್ಲಿದ. ಒರೆಸಲು ತಿರುಗಿಸಲೇಬೇಕಾಯಿತು. ದಪ್ಪ ಆಗದಿರಲಿ ಅಂತ ಎಲೆಯ ಹಿಂದಿನ ಬಟ್ಟೆಯನ್ನು ಕತ್ತರಿಸಿ ತೆಗೆದಿದ್ದೀಯ. ಆ ಸಂದಿಯಲ್ಲಿ ಒಂದು ಕೆಂಪು ಜುಟ್ಟು ಕಂಡಿತು. ಪಕ್ಕದ ಎಲೆಯಲ್ಲಿ ಕೊಕ್ಕು. ಅದರ ಪಕ್ಕ ಒಂದು ಕಣ್ಣು. ನೀನು ಪರದೆಯನ್ನು ಒಳಮೈ ಹೊರಗೆ ಮಾಡಿ ಹೊಲಿದಿದ್ದೆ. ಮೂರು ಬದಿಯಲ್ಲೂ ಹುಂಜಗಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದವು. ನಾಲ್ಕನೆಯ ಬದಿಗೆ ಯಾವುದೋ ಸಾದಾ ಹಳದಿ ಬಟ್ಟೆ, ಪರದೆ ಸಾಲದೆ ಬಂದಿರಬೇಕು.

ನೆಲದ ಮೇಲೆ ಕೂತು ಅತ್ತೆ. ಮಣ್ಣಿನ ದಿನ ಅತ್ತಿರಲಿಲ್ಲ. ಎಷ್ಟೋ ವಾರದಿಂದ ಅಕ್ಕ ಈ ಮನೆಯಲ್ಲಿದ್ದಳು. ಮೊದಲ ಸಲ ಆ ಸೇತುವೆ ಕರಕೊಂಡು ಹೋಗಿತ್ತು, ಎರಡನೇ ಸಲ ನೀನು ಕರಕೊಂಡು ಹೋದೆ. ಇದನ್ನು ನಿನಗೆ ಎದುರಿಗೆ ಹೇಳಬೇಕಿತ್ತು, ಕಿರುಚಿ ಹೇಳಬೇಕಿತ್ತು. ಕಾಗದದಲ್ಲಿ ಕಿರುಚಲು ಆಗುವುದಿಲ್ಲ.

ಓಪಲಜ್ಜಿಯ ಮನೆಯ ಮುಂದೆ ನಿಂತು ಮಾತ್ರ ಕಿರುಚಿದೆ. ಅವಳು ಜಗಲಿಯ ಕುರ್ಚಿಯಿಂದ ಏಳಲೂ ಇಲ್ಲ. ಮಣ್ಣು ಮುಗಿಸಿ ನೀನು ಅವಳ ಅಡುಗೆಮನೆಯಲ್ಲಿ ಕೂತಿದ್ದು, ಒಂದೇ ಒಂದು ತಿಂಗಳು ಡಬ್ಬಿ ಕೊಡು ಅಂತ ಕೇಳಿದ್ದು, ಅವಳು ತನ್ನ ಸರದಿಯ ಡಬ್ಬಿಯನ್ನು ನಿನಗೆ ಕಳಿಸಿದ್ದು, ಎಲ್ಲ ಹೇಳಿದಳು. ಒಂದು ನೂಲನ್ನೂ ಮುಟ್ಟಬೇಡ ಅಂದಿದ್ದೆನಲ್ಲ ಅಂದೆ.

“ಎಲ್ಲಿ ಮುಟ್ಟಿದಾಳೆ? ನೂಲೂ ತನ್ನ ಮನೆದೇ ಹಾಕಿದ್ಲು ಕಣೆ.”

ಮತ್ತೆ ಯಾಕೆ ದೆವ್ವದ ಕಥೆ ಕಟ್ಟಿದೆ ಅಂತ ಕೇಳಿದೆ.

“ದೆವ್ವ ಅಂತ ನಾನ್ಯಾವಾಗ ಅಂದೆ? ಸೂಜಿ ಮುಟ್ಟಿಲ್ಲ ಅಂದೆ, ಅಷ್ಟೇ. ಮಿಕ್ಕಿದ್ದೆಲ್ಲ ನೀವ್ ನೀವೇ ಹೊಲ್ಕೊಂಡ್ರಿ.”

ಮನೆಗೆ ಬಂದೆ. ದಾರಿಯಲ್ಲಿ ಅಕ್ಕನ ನಿಯಮ ನೆನಪಾಯಿತು. ಬಿಸಾಡಲು ಮನಸ್ಸೇ ಬಾರದ ಬಟ್ಟೆ. ಇಷ್ಟು ವರ್ಷ ಆ ಪರದೆಯನ್ನು ಕಿಟಕಿಗೆ ಹಾಕಿಕೊಂಡಿದ್ದೆಯೋ, ಪೆಟ್ಟಿಗೆಯಲ್ಲಿ ಇಟ್ಟಿದ್ದೆಯೋ ಗೊತ್ತಿಲ್ಲ. ಬಿಸಾಡಿರಲಿಲ್ಲ. ಊರಿಗೆಲ್ಲ ನಾನು ಹೇಳಿಕೊಂಡು ಬಂದ ಮಾತನ್ನು ಈಗ ಇನ್ನೊಂದು ತರ ಹೇಳಬೇಕಾ? ನನಗಿದ್ದದ್ದು ಒಂದೇ ಒಳ್ಳೆ ಸಿಟ್ಟು, ಅದಕ್ಕೂ ನೀನು ತೂತು ಮಾಡಿದೆ.

ಸಂಘದವರಿಗೆ ನಾನು ಹೇಳಿಲ್ಲ. ಅವರು ಈಗ ಗುರುವಾರ ಗುರುವಾರ ಅಕ್ಕನ ಕುರ್ಚಿ ಖಾಲಿ ಬಿಡುತ್ತಾರೆ. ಹೋದ ವಾರ ಡ್ರೆಮಾ ಆಂಟಿ ಆ ಕುರ್ಚಿಯ ಎದುರಿಗೆ ಒಂದು ತಟ್ಟೆ ರೊಟ್ಟಿ ಇಟ್ಟಳು. ನಿಜ ಹೇಳಿದರೆ ಡಬ್ಬಿಯನ್ನು ಮುಟ್ಟುತ್ತಾರೆ, ಮೇ ತಿಂಗಳ ಒಳಗೆ ಕೌದಿ ಮುಗಿಯುತ್ತದೆ, ಬ್ರೇಡನ್ ಹೊದೆಯುತ್ತಾನೆ. ಆದರೆ ಆ ತಟ್ಟೆಯನ್ನು ಯಾರು ಎತ್ತಬೇಕು? ನನ್ನ ಕೈಲಿ ಆಗುವುದಿಲ್ಲ. ಉಳಿದ ಅಂಚು ನಾನೊಬ್ಬಳೇ ಹೊಲಿಯಲು ಕೂತಿದ್ದೇನೆ, ದಿನಾ ಬಿಚ್ಚುತ್ತಿದ್ದೇನೆ. ನನ್ನ ಹೊಲಿಗೆ ನಿಮ್ಮಿಬ್ಬರದಕ್ಕೆ ಉಲ್ಟಾ ವಾಲುತ್ತದೆ.

ನೆನಪಿದೆಯಾ, ಅಕ್ಕ ನಿನ್ನ ಪಕ್ಕ ಕೂತು ನೋಡಿ ಕಲಿತಳು. ಬಲಗೈಯವಳು ಅಂತ ನನಗೆ ಬರಲೇ ಇಲ್ಲ, ಸೂಜಿ ಎಸೆದಿದ್ದೆ. ನೀನು ನನ್ನ ಕುರ್ಚಿ ಎತ್ತಿ ನಿನ್ನ ಎದುರಿಗೆ ಇಟ್ಟೆ, ಕನ್ನಡಿಯಲ್ಲಿ ನೋಡಿದ ಹಾಗೆ ನೋಡು ಅಂದೆ. ಹಾಗೆ ಬಂತು. ಹೊಲಿಯುವಾಗ ಇವತ್ತಿಗೂ ನನ್ನ ಎದುರಿಗೆ ಒಂದು ಎಡಗೈ ಇರುತ್ತದೆ. ಅದು ಯಾರದು ಅಂತ ನಾನು ಯಾವತ್ತೂ ತಲೆ ಎತ್ತಿ ನೋಡಿರಲಿಲ್ಲ.

ಇಷ್ಟೇ. ನಿನ್ನನ್ನು ಕ್ಷಮಿಸಿದ್ದೇನೆ ಅಂತ ತಿಳಿಯಬೇಡ.

ಇನ್ನೂ ಸಿಟ್ಟಿನಲ್ಲಿರುವ,
ಲೇಸಿ

ತಾ.ಕ.: ಲಕೋಟೆ ಅಂಟಿಸುವಾಗ ಓಪಲಜ್ಜಿ ಬೀನ್ಸ್ ಸಾರು ತಗೊಂಡು ಬಂದಳು. ಕೌದಿ ತಿರುಗಿಸಿ ಹುಂಜಗಳನ್ನು ತೋರಿಸಿದೆ. ನಾಲ್ಕನೆಯ ಬದಿ ಬಂದಾಗ ಅವಳು ಕೂತುಬಿಟ್ಟಳು. ನೀನು ಮೂರೇ ಬದಿ ಹೊಲಿದು ಕಳಿಸಿದ್ದೆಯಂತೆ. ನಾಲ್ಕನೆಯದು ಲೇಸಿಗೆ ಬಿಟ್ಟಿದೀನಿ ಅಂತ ಹೇಳಿ ಕಳಿಸಿದ್ದೆಯಂತೆ. ಅದನ್ನು ನನಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಲೇ ಸಭೆಗೆ ಬಂದಿದ್ದಳಂತೆ. ಮುಚ್ಚಳ ತೆಗೆದರೆ ನಾಲ್ಕೂ ತುಂಬಿತ್ತಂತೆ. ಅವತ್ತು ಕೈ ನಡುಗಿದ್ದು ಮುಪ್ಪಿಗಲ್ಲ ಅಂದಳು. ಅವಳು ಹಳೇ ಸುಳ್ಳಿ. ನಿನ್ನನ್ನು ನನ್ನ ಬಾಗಿಲಿಗೆ ತರಿಸಲು ಏನು ಬೇಕಾದರೂ ಹೇಳುತ್ತಾಳೆ. ನಾನು ಆ ಬದಿಯನ್ನು ಬೆಳಕಿಗೆ ಹಿಡಿದು ನೋಡಿದೆ, ಹೊಲಿಗೆ ನಿನ್ನದರ ಹಾಗೇ ವಾಲಿದೆ. ನಿನ್ನದೋ ಅಲ್ಲವೋ ನಿನಗೆ ಮಾತ್ರ ಗೊತ್ತಾಗುತ್ತದೆ. ಬಂದು ನೋಡು. ನಿನ್ನದೇ ಆಗಿದ್ದರೆ ನನಗೆ ಹೇಳಬೇಡ. ಬಾಗಿಲು ತಟ್ಟಬೇಡ, ಮಧ್ಯಾಹ್ನ ಬ್ರೇಡನ್ ಮಲಗಿರುತ್ತಾನೆ. ತಳ್ಳಿದರೆ ತೆರೆದುಕೊಳ್ಳುತ್ತದೆ.